ಜೇಡ, ಹಕ್ಕಿ ಮತ್ತು ಒಂದು ಸಾಕ್ಷಿ

ಸೀಬೆ ಮರದ ಒಂದು ಕೊಂಬೆ. ಎಲೆಗಳನ್ನು ಅಲ್ಲಲ್ಲಿ ಇರುವೆಗಳು ಕತ್ತರಿಸಿ ತೂತು ಮಾಡಿವೆ. ಕೊಂಬೆಯಿಂದ ಕೊಂಬೆಗೆ ದಾಟಲು ಇರುವೆಗಳೇ ಒಂದನ್ನೊಂದು ಹಿಡಿದುಕೊಂಡು ಸೇತುವೆಯಾಗಿವೆ. ಒಂದು ಜೇಡ ಮೊಟ್ಟೆಯ ಚೀಲವನ್ನು ಹೊತ್ತಿದೆ. ಇನ್ನೊಂದು, ಮೈತುಂಬ ಕರಿಗೂದಲಿನ ದೊಡ್ಡ ಜೇಡ, ಗೂಡಿನ ಪಕ್ಕದಲ್ಲಿ ಅಂಗಾತ ಬಿದ್ದ ಪುಟ್ಟ ಹಮ್ಮಿಂಗ್‌ಬರ್ಡ್ ಮೇಲೆ ಕಾಲೂರಿ ನಿಂತಿದೆ. ಗೂಡಿನಲ್ಲಿ ಹಕ್ಕಿಯ ಮೊಟ್ಟೆಗಳು.

1705ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ, ಸುರಿನಾಮಿನ ಕೀಟಗಳ ರೂಪಾಂತರವನ್ನು ಕುರಿತ ಪುಸ್ತಕವೊಂದರ 18ನೆಯ ಚಿತ್ರಫಲಕ ಇದು. ಬರೆದವಳು ಮರಿಯಾ ಸಿಬಿಲ್ಲಾ ಮೇರಿಯನ್. ಜೇಡವೊಂದು ಹಕ್ಕಿಯನ್ನು ತಿನ್ನುತ್ತದೆಯೇ ಎಂಬ ಪ್ರಶ್ನೆ ಈ ಚಿತ್ರದ ಬೆನ್ನು ಹತ್ತಿ ಒಂದೂವರೆ ಶತಮಾನ ಓಡಾಡಿತು. ಕೆಲವರು ನಂಬಿದರು, ಕೆಲವರು ನಕ್ಕರು, ಕೆಲವರು ಆಕೆಯನ್ನು ಸುಳ್ಳುಗಾತಿ ಎಂದೇ ತೀರ್ಮಾನಿಸಿದರು.

ಇಂದು ರಜೆಗೆಂದು ಕೋಸ್ಟರೀಕಾಕ್ಕೋ ಬೋರ್ನಿಯೋಕ್ಕೋ ನಮ್ಮ ಆಗುಂಬೆಗೋ ಹೋದವರು ಮ್ಯಾಕ್ರೋ ಲೆನ್ಸಿನಲ್ಲಿ ನೂರಾರು ಜೇಡ, ಜೀರುಂಡೆ, ಹಲ್ಲಿ, ಹಾವುಗಳನ್ನು ಹಿಡಿದು ತರುತ್ತಾರೆ. ಆ ಚಿತ್ರಗಳ ವಂಶವೃಕ್ಷವನ್ನು ಹುಡುಕುತ್ತ ಹಿಂದೆ ಹೋದರೆ ಸಿಗುವ ಹಳೆಯ ಬೇರುಗಳಲ್ಲಿ ಈ ಸೀಬೆ ಕೊಂಬೆಯೂ ಒಂದು. ಆಗ ಆ ಫಲಕಕ್ಕೆ ಕೇಳಿದ ಪ್ರಶ್ನೆಗಳು ಈಗಿನ ಫೋಟೋಗಳಿಗೂ ಸಲ್ಲುತ್ತವೆ. ಇದನ್ನು ಕಂಡವರು ಯಾರು? ಎಲ್ಲಿ? ಹೇಗೆ?

ಮೇರಿಯನ್ ಹುಟ್ಟಿದ್ದು 1647ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ತಂದೆ ಹೆಸರಾಂತ ತಾಮ್ರಫಲಕ ಕೆತ್ತನೆಗಾರ ಮತ್ತು ಪ್ರಕಾಶಕ. ಆಕೆ ಮೂರು ವರ್ಷದವಳಿದ್ದಾಗ ತೀರಿಕೊಂಡ. ಹೂವಿನ ಚಿತ್ರಗಳಿಗೆ ಹೆಸರಾಗಿದ್ದ ಮಲತಂದೆ ಯಾಕೋಬ್ ಮಾರೆಲ್‌ನ ಮನೆಯಲ್ಲಿ ಆಕೆ ಕುಂಚ ಹಿಡಿಯಲು ಕಲಿತಳು. ಹದಿಮೂರರ ಹೊತ್ತಿಗೆ ರೇಷ್ಮೆ ಹುಳುಗಳನ್ನು ಸಾಕಿ ಅವುಗಳ ಬದಲಾವಣೆಯನ್ನು ಗಮನಿಸತೊಡಗಿದ್ದಳು. ಕೊಳೆತ ವಸ್ತುಗಳಿಂದ, ಕೆಸರಿನಿಂದ ಕೀಟಗಳು ತಾವಾಗಿಯೇ ಹುಟ್ಟುತ್ತವೆ ಎಂಬ ನಂಬಿಕೆ ಓದಿದವರಲ್ಲೂ ಇನ್ನೂ ಗಟ್ಟಿಯಾಗಿದ್ದ ಕಾಲ ಅದು. ಈ ಹುಡುಗಿ ಡಬ್ಬಿಗಳಲ್ಲಿ ಕಂಬಳಿಹುಳು ಸಾಕಿ, ಅದು ಯಾವ ಸೊಪ್ಪು ತಿನ್ನುತ್ತದೆ, ಯಾವಾಗ ಕೋಶ ಕಟ್ಟುತ್ತದೆ, ಎಷ್ಟು ದಿನಕ್ಕೆ ಚಿಟ್ಟೆಯಾಗುತ್ತದೆ ಎಂದು ಬರೆದಿಡುತ್ತಿದ್ದಳು.

ಮದುವೆ, ಇಬ್ಬರು ಹೆಣ್ಣುಮಕ್ಕಳು, ಯುರೋಪಿನ ಕಂಬಳಿಹುಳುಗಳ ಬಗ್ಗೆ 1679 ಮತ್ತು 1683ರಲ್ಲಿ ಎರಡು ಸಂಪುಟಗಳು. ಆಮೇಲೆ ಗಂಡನನ್ನು ಬಿಟ್ಟು ಫ್ರೀಸ್‌ಲ್ಯಾಂಡಿನ ಲಬಾಡಿಸ್ಟ್ ಎಂಬ ವಿರಕ್ತ ಪಂಥದವರೊಡನೆ ಕೆಲವು ವರ್ಷ, 1691ರಿಂದ ಆಮ್‌ಸ್ಟರ್‌ಡ್ಯಾಮ್. ಆ ಬಂದರು ನಗರದ ಶ್ರೀಮಂತರ ಮನೆಗಳಲ್ಲಿ ದೂರದೇಶಗಳ ಚಿಟ್ಟೆ, ಚಿಪ್ಪು, ಹಾವುಗಳ ಸಂಗ್ರಹಗಳಿದ್ದವು. ಮೇರಿಯನ್ ಅವನ್ನೆಲ್ಲ ನೋಡಿದಳು. ಆದರೆ ಸೂಜಿಗೆ ಚುಚ್ಚಿಸಿಕೊಂಡ ಚಿಟ್ಟೆ ತಾನು ಯಾವ ಹುಳುವಾಗಿತ್ತು, ಯಾವ ಗಿಡದ ಎಲೆ ತಿಂದಿತ್ತು ಎಂದು ಹೇಳುವುದಿಲ್ಲವಲ್ಲ. ಅದನ್ನು ತಿಳಿಯಬೇಕಾದರೆ ಅದು ಬದುಕುವ ಜಾಗಕ್ಕೇ ಹೋಗಬೇಕು.

1699ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ತನ್ನ ಚಿತ್ರಗಳನ್ನು ಮಾರಿ ಹಣ ಹೊಂದಿಸಿಕೊಂಡು, ಕಿರಿಯ ಮಗಳು ಡೊರೊತಿಯಾಳೊಂದಿಗೆ ಆಕೆ ಹಡಗು ಹತ್ತಿದಳು. ದಕ್ಷಿಣ ಅಮೆರಿಕದ ಉತ್ತರ ದಂಡೆಯ ಸುರಿನಾಮ್ ಆಗ ಡಚ್ಚರ ವಸಾಹತು. ಯಾವ ರಾಜನೂ ಯಾವ ಕಂಪನಿಯೂ ಆಕೆಯನ್ನು ಕಳಿಸಿರಲಿಲ್ಲ. ಕೀಟಗಳನ್ನು ನೋಡುವುದಕ್ಕಾಗಿಯೇ ಇಬ್ಬರು ಹೆಂಗಸರು ಅಟ್ಲಾಂಟಿಕ್ ದಾಟುವುದು ಆ ಕಾಲಕ್ಕೆ ಕೇಳರಿಯದ ಸಂಗತಿ.

ಅಲ್ಲಿದ್ದದ್ದು ಸುಮಾರು ಎರಡು ವರ್ಷ. ಪರಮಾರಿಬೋದಲ್ಲಿ ಮನೆ, ಹಿತ್ತಲಲ್ಲಿ ತೋಟ, ಆಗಾಗ ನದಿಯ ಮೇಲ್ಭಾಗದ ತೋಟಗಳಿಗೆ ಪ್ರಯಾಣ. ಸಕ್ಕರೆ ಬಿಟ್ಟು ಬೇರೇನನ್ನೋ ಹುಡುಕುತ್ತಿದ್ದಾಳೆಂದು ಅಲ್ಲಿನ ತೋಟದ ಮಾಲೀಕರು ತನ್ನನ್ನು ಗೇಲಿ ಮಾಡುತ್ತಿದ್ದರು ಎಂದು ಆಕೆಯೇ ಬರೆದಿದ್ದಾಳೆ. ಬಿಸಿಲು, ಜ್ವರ ಸೇರಿ ಆರೋಗ್ಯ ಕೆಟ್ಟು 1701ರಲ್ಲಿ ಮರಳಿದಳು. ಚರ್ಮದ ಹಾಳೆಯ ಮೇಲಿನ ಜಲವರ್ಣಗಳು, ಒಣಗಿಸಿದ ಗಿಡಗಳು, ಮದ್ಯದಲ್ಲಿ ಮುಳುಗಿಸಿಟ್ಟ ಪ್ರಾಣಿಗಳು ಆಕೆಯೊಂದಿಗೆ ಬಂದವು. ನಾಲ್ಕು ವರ್ಷದ ಬಳಿಕ ಅರವತ್ತು ಫಲಕಗಳ ದೊಡ್ಡ ಪುಸ್ತಕ ಡಚ್ ಮತ್ತು ಲ್ಯಾಟಿನ್ ಎರಡರಲ್ಲೂ ಹೊರಬಂತು. ಆಕೆ ತೀರಿಕೊಂಡ ಎರಡು ವರ್ಷಕ್ಕೆ, 1719ರಲ್ಲಿ, ಬಂದ ಆವೃತ್ತಿಯಲ್ಲಿ ಫಲಕಗಳು ಎಪ್ಪತ್ತೆರಡಾದವು. ಹಾವನ್ನು ಬಾಯಲ್ಲಿ ಕಚ್ಚಿ ಹಿಡಿದ ಕೈಮನ್ ಮೊಸಳೆಯ ಪ್ರಸಿದ್ಧ ಚಿತ್ರ ಇರುವುದು ಅದರಲ್ಲಿ.

ಈ ಫಲಕಗಳ ವಿಶೇಷವನ್ನು ಇಂದಿನ ಛಾಯಾಗ್ರಾಹಕರು ತಕ್ಷಣ ಗುರುತಿಸಬಲ್ಲರು. ಅದಕ್ಕೆ ಮೊದಲು ಕೀಟಗಳನ್ನು ಬಿಳಿ ಹಾಳೆಯ ಮೇಲೆ ಸಾಲಾಗಿ, ಅಂಗಡಿಯ ಸಾಮಾನಿನಂತೆ, ಬಿಡಿಸುವುದೇ ವಾಡಿಕೆಯಾಗಿತ್ತು. ಮೇರಿಯನ್ ಕೀಟವನ್ನು ಅದು ತಿನ್ನುವ ಗಿಡದ ಮೇಲೆಯೇ ಕೂರಿಸಿದಳು. ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಲ್ಲವನ್ನೂ ಒಂದೇ ಕೊಂಬೆಯ ಮೇಲೆ ತಂದಳು. ಕ್ಯಾಮೆರಾ ಒಂದು ಕ್ಷಣವನ್ನು ಹಿಡಿದರೆ ಈ ಚಿತ್ರಗಳು ವಾರಗಟ್ಟಲೆಯ ನೋಟವನ್ನು ಒಂದೇ ಹಾಳೆಗೆ ಇಳಿಸುತ್ತವೆ. ಅದು ಅವುಗಳ ಶಕ್ತಿ. ತೊಡಕು ಹುಟ್ಟಿದ್ದೂ ಅಲ್ಲಿಂದಲೇ. ಹೀಗೆ ಜೋಡಿಸಿದ ಹಾಳೆಯಲ್ಲಿ ಕಣ್ಣಾರೆ ಕಂಡದ್ದು ಯಾವುದು, ಕಿವಿಯಾರೆ ಕೇಳಿದ್ದು ಯಾವುದು ಎಂದು ಬಿಡಿಸಿ ಹೇಳುವ ಗೆರೆ ಇರುವುದಿಲ್ಲ.

ಕೇಳಿದ್ದು ಯಾರಿಂದ? ಇಲ್ಲಿ ಪುಸ್ತಕದ ಬಣ್ಣಗಳ ಹಿಂದಿನ ಕತ್ತಲು ಕಾಣತೊಡಗುತ್ತದೆ. ಸುರಿನಾಮಿನ ಸಕ್ಕರೆ ತೋಟಗಳು ನಡೆಯುತ್ತಿದ್ದುದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಮೈಬೆವರಿನಿಂದ. ಮುಳ್ಳು ತುಂಬಿದ ಕಾಡಿನಲ್ಲಿ ಮೇರಿಯನ್‌ಗೆ ಕತ್ತಿಯಿಂದ ದಾರಿ ಕಡಿದುಕೊಟ್ಟವರು ಗುಲಾಮರು. ಹುಳು ಹಿಡಿದು ತಂದವರು, ಗಿಡದ ಗುಣ ಹೇಳಿದವರು ಅವರು ಮತ್ತು ಅಲ್ಲಿನ ಮೂಲನಿವಾಸಿಗಳು. ತಾನು ಇವರಿಂದ ತಿಳಿದೆ ಎಂದು ಮೇರಿಯನ್ ಮತ್ತೆ ಮತ್ತೆ ಬರೆಯುತ್ತಾಳೆ. ಆ ಕಾಲದ ಬಹಳ ಲೇಖಕರು ಅಷ್ಟನ್ನೂ ಬರೆಯಲಿಲ್ಲ. ಆದರೆ ಆಕೆಯೂ ಅವರ ಹೆಸರು ಬರೆಯಲಿಲ್ಲ. ಮರಳುವಾಗ ಒಬ್ಬ ಮೂಲನಿವಾಸಿ ಹೆಂಗಸನ್ನು ಜೊತೆಗೆ ಕರೆದೊಯ್ದಳು. ಅವಳೂ ಪುಸ್ತಕದಲ್ಲಿ ಅನಾಮಿಕಳು.

45ನೆಯ ಫಲಕದಲ್ಲಿ ಒಂದು ಹೂವಿದೆ, ಕೆಂಪು-ಹಳದಿ, ಉದ್ದ ಕೇಸರಗಳು ಹೊರಚಾಚಿದ್ದು. ಕನ್ನಡದ ಓದುಗರಿಗೆ ಅದು ಹೊಸದಲ್ಲ: ನಮ್ಮ ಅಂಗಳಗಳಲ್ಲಿ, ಶಾಲೆಯ ಬೇಲಿಗಳಲ್ಲಿ, ದೇವರ ಪೂಜೆಗೆ ಕೊಯ್ಯುವ ರತ್ನಗಂಧಿ. ಅದರ ಪಕ್ಕದ ಟಿಪ್ಪಣಿಯಲ್ಲಿ ಮೇರಿಯನ್ ದಾಖಲಿಸಿದ್ದು ಮಾತ್ರ ಬೇರೆ. ಒಡೆಯರು ಹೀನಾಯವಾಗಿ ನಡೆಸಿಕೊಳ್ಳುವಾಗ, ತಮ್ಮ ಮಕ್ಕಳೂ ತಮ್ಮಂತೆ ಗುಲಾಮರಾಗುವುದು ಬೇಡವೆಂದು, ಗುಲಾಮ ಹೆಂಗಸರು ಈ ಗಿಡದ ಬೀಜದಿಂದ ಗರ್ಭ ಇಳಿಸಿಕೊಳ್ಳುತ್ತಿದ್ದರು. ಇದನ್ನು ಅವರೇ ತನಗೆ ಹೇಳಿದರು ಎಂದು ಆಕೆ ಬರೆಯುತ್ತಾಳೆ. ಒಂದು ಕಂಬಳಿಹುಳು, ಒಂದು ಪತಂಗ, ಒಂದು ಹೂವು ಇರುವ ಚಿತ್ರದ ಅಂಚಿನಲ್ಲಿ ಇಂಥ ಮಾತು! ಹೇಳಿದವರ ಮೇಲೆ ನಂಬಿಕೆ ಇಟ್ಟವಳಿಗೆ ಮಾತ್ರ ಇದು ಸಿಗುತ್ತದೆ.

ಆ ನಂಬಿಕೆಯೇ ಮುಂದೆ ಆಕೆಯ ಮೇಲಿನ ಆರೋಪವೂ ಆಯಿತು. ಮೊದಮೊದಲು ವಿದ್ವಾಂಸರು ಪುಸ್ತಕವನ್ನು ಧಾರಾಳವಾಗಿ ಬಳಸಿಕೊಂಡರು. ಎಂದೂ ಸುರಿನಾಮ್ ಕಾಣದ ಲಿನೇಯಸ್ ಅನೇಕ ಜೀವಿಗಳನ್ನು ಗುರುತಿಸುವಾಗ ಆಕೆಯ ಫಲಕಗಳನ್ನು ಉಲ್ಲೇಖಿಸಿದ. 1758ರಲ್ಲಿ ಆ ಜೇಡಕ್ಕೆ ಪುಟ್ಟ ಹಕ್ಕಿಯ ಸಂಬಂಧ ಸೂಚಿಸುವಂತೆ 'ಅವಿಕ್ಯುಲೇರಿಯಾ' ಎಂದು ಹೆಸರಿಟ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಳಿ ತಿರುಗಿತು. ಕೆರಿಬಿಯನ್ನಿನ ಸೇಂಟ್ ವಿನ್ಸೆಂಟ್ ದ್ವೀಪದ ಪಾದ್ರಿ ಮತ್ತು ನಿಸರ್ಗಶಾಸ್ತ್ರಜ್ಞ ಲ್ಯಾನ್ಸ್‌ಡೌನ್ ಗಿಲ್ಡಿಂಗ್ 1834ರಲ್ಲಿ ಒಂದೊಂದೇ ಫಲಕವನ್ನು ಎತ್ತಿಕೊಂಡು ಜರೆದ. ಅವನೂ ಸುರಿನಾಮಿಗೆ ಹೋದವನಲ್ಲ. ಅವನ ಕೈಯಲ್ಲಿದ್ದದ್ದು ಆಕೆಯ ಮರಣಾನಂತರ ಬೇರೆಯವರು ಬಣ್ಣ ಹಾಕಿದ ಪ್ರತಿ. ಹಕ್ಕಿ ತಿನ್ನುವ ಜೇಡ ಅಜ್ಜಿಕತೆಯ ಪಟ್ಟಿಗೆ ಸೇರಿತು.

ಟೀಕೆಯಲ್ಲಿ ಹುರುಳೇ ಇರಲಿಲ್ಲ ಎನ್ನುವಂತಿಲ್ಲ. ಹಮ್ಮಿಂಗ್‌ಬರ್ಡ್ ಸಾಮಾನ್ಯವಾಗಿ ಎರಡೇ ಮೊಟ್ಟೆ ಇಡುತ್ತದೆ. ಮೇರಿಯನ್ ನಾಲ್ಕು ಎಂದಳು. ಇರುವೆ ಸಿಗದಿದ್ದಾಗ ಈ ಜೇಡಗಳು ಗೂಡಿನ ಹಕ್ಕಿಗಳನ್ನು ಹಿಡಿದು ರಕ್ತ ಹೀರುತ್ತವೆ ಎಂದು ಒಂದು ಸಾಮಾನ್ಯ ಅಭ್ಯಾಸದಂತೆ ಬರೆದಳೇ ಹೊರತು, ಯಾವ ದಿನ, ಯಾವ ಮರ, ಯಾರು ಕಂಡರು ಎನ್ನಲಿಲ್ಲ. ನಂಬದವರಿಗೆ ಅಷ್ಟು ಸಂದು ಸಾಕಾಯಿತು. ಸಾಕ್ಷಿ ಹೇಳಿದವಳು ಹೆಂಗಸು, ಅವಳಿಗೆ ಹೇಳಿದವರು ಗುಲಾಮರು ಎಂಬುದು ಆ ಸಂದನ್ನು ಮತ್ತಷ್ಟು ಅಗಲ ಮಾಡಿತು.

ಉತ್ತರ ಬಂದದ್ದು ಅಮೆಜಾನಿನಿಂದ. ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್ 1848ರಿಂದ 1859ರವರೆಗೆ ಹನ್ನೊಂದು ವರ್ಷ ಅಲ್ಲಿದ್ದು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು, ಬಹುಪಾಲು ಕೀಟಗಳನ್ನು, ಸಂಗ್ರಹಿಸಿದ. 1863ರ ತನ್ನ ಪುಸ್ತಕದಲ್ಲಿ ಕಮೆಟಾ ಎಂಬ ಊರಿನ ಬಳಿ ಕಂಡದ್ದನ್ನು ವಿವರಿಸಿದ್ದಾನೆ. ಮರದ ಕಾಂಡದ ಸೀಳಿಗೆ ಅಡ್ಡವಾಗಿ ದಟ್ಟ ಬಿಳಿ ಬಲೆ. ಅದರ ಕೆಳಭಾಗ ಹರಿದಿದೆ. ಹರಿದಲ್ಲಿ ಎರಡು ಪುಟ್ಟ ಹಕ್ಕಿಗಳು ಸಿಕ್ಕಿಕೊಂಡಿವೆ. ಒಂದು ಸತ್ತಿದೆ. ಇನ್ನೊಂದು ಜೇಡದ ಮೈಯಡಿಯಲ್ಲಿ, ಎಂಜಲಿನಂಥ ದ್ರವ ಮೆತ್ತಿಕೊಂಡು, ಇನ್ನೂ ಜೀವ ಬಿಟ್ಟಿಲ್ಲ. ಆತ ಜೇಡವನ್ನು ಓಡಿಸಿ ಹಕ್ಕಿಗಳನ್ನು ತೆಗೆದುಕೊಂಡ. ಎರಡನೆಯದೂ ಬೇಗನೆ ಸತ್ತಿತು. ಇಂಥದ್ದನ್ನು ಮೇರಿಯನ್ ಹಿಂದೆಯೇ ಹೇಳಿದ್ದಳು, ಆದರೆ ಜನ ನಂಬುವುದನ್ನು ಬಿಟ್ಟಿದ್ದರು ಎಂದು ನೆನಪಿಸಿದ.

ಬೇಟ್ಸ್‌ನನ್ನು ಲೋಕ ನಂಬಿತು. ಆತ ಲಂಡನ್ನಿನ ವಿದ್ವತ್ ವಲಯಕ್ಕೆ ಪರಿಚಿತನಾದ ಗಂಡಸು ಎಂಬುದೂ ಅದಕ್ಕೆ ಕಾರಣ. ಆದರೆ ಇನ್ನೊಂದು ಕಾರಣವನ್ನು ತಳ್ಳಿಹಾಕಬಾರದು: ಆತ ಊರು ಹೇಳಿದ, ಸೀಳು ಹೇಳಿದ, ಹಕ್ಕಿಗಳ ಸ್ಥಿತಿ ಹೇಳಿದ, ತಾನೇನು ಮಾಡಿದೆ ಎಂಬುದನ್ನೂ ಹೇಳಿದ. ಅದೇ ಪುಟಗಳಲ್ಲಿ ಇನ್ನೊಂದು ದೃಶ್ಯವಿದೆ. ಆತನಿಗೆ ಕೀಟ ಹಿಡಿದುಕೊಡುತ್ತಿದ್ದ ಮೂಲನಿವಾಸಿ ಕುಟುಂಬದ ಮಕ್ಕಳು ಇಂಥದೇ ಒಂದು ದೈತ್ಯ ಜೇಡದ ಸೊಂಟಕ್ಕೆ ದಾರ ಕಟ್ಟಿ, ಮನೆಯೊಳಗೆಲ್ಲ ನಾಯಿಯಂತೆ ನಡೆಸಿಕೊಂಡು ಹೋಗುತ್ತಿದ್ದರು. ಯುರೋಪಿನಲ್ಲಿ ವಾದ ನಡೆಯುತ್ತಿದ್ದ ಕಾಲಕ್ಕೆ ಆ ಮಕ್ಕಳಿಗೆ ಆ ಜೇಡ ಆಟದ ಸಾಮಾನು.

ಬೇಟ್ಸ್ ಹೊರಟಾಗ ಛಾಯಾಗ್ರಹಣ ಹುಟ್ಟಿ ಒಂಬತ್ತು ವರ್ಷವಾಗಿತ್ತು. ಆದರೂ ಆತ ಪೆನ್ಸಿಲನ್ನೇ ನೆಚ್ಚಿಕೊಂಡ. ಆಗಿನ ಕ್ಯಾಮೆರಾಗಳಿಗೆ ಬೇಕಾಗಿದ್ದದ್ದು ಅಲುಗಾಡದ ವಸ್ತು ಮತ್ತು ಧಾರಾಳ ಬೆಳಕು. ಮಳೆಕಾಡಿನ ನೆಲದಲ್ಲಿ ಎರಡೂ ಇಲ್ಲ. 1851ರಲ್ಲಿ ಬಂದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಅದು ಒಣಗುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಅಂದರೆ ಕತ್ತಲ ಗುಡಾರವನ್ನೂ ಸೀಸೆಗಳನ್ನೂ ಹೊತ್ತೇ ತಿರುಗಬೇಕು. ಚಿಕ್ಕ ಜೀವಿಗಳಿಗೆ ಇನ್ನೊಂದು ಕಷ್ಟ: ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಜೇಡದ ಕಣ್ಣು ಸ್ಪಷ್ಟವಾದರೆ ಕಾಲು ಮಸುಕು. ಆಳ ಹೆಚ್ಚಿಸಲು ಲೆನ್ಸಿನ ದ್ವಾರ ಕಿರಿದುಗೊಳಿಸಿದರೆ ಬೆಳಕು ಸಾಲದು. ಹೀಗಾಗಿ ಬಹುಕಾಲ ಫೋಟೋದಲ್ಲಿ ಸಿಕ್ಕಿದ್ದು ಹೆಚ್ಚಾಗಿ ಸತ್ತ ಕೀಟಗಳೇ. ಮೇರಿಯನ್ ಬಿಟ್ಟುಬಂದ ಸೂಜಿ ಚುಚ್ಚಿದ ಚಿಟ್ಟೆಗೆ ಕ್ಯಾಮೆರಾ ಮರಳಿ ಹೋಯಿತು. ಎಲೆಕ್ಟ್ರಾನಿಕ್ ಫ್ಲ್ಯಾಶ್, ಬಳಿಕ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಕಾಡಿನ ರಾತ್ರಿಯಲ್ಲೂ ಬದುಕಿರುವ ಜೀವಿಯನ್ನು ಹಿಡಿಯುವುದು ಹವ್ಯಾಸಿಗಳಿಗೂ ಸಾಧ್ಯವಾಯಿತು.

ಇನ್ನು ಸಂಶಯದ ಕಾಲ ಮುಗಿಯಿತು, ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎನ್ನಬಹುದೆ? 2017ರ 'ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್' ಸ್ಪರ್ಧೆಯಲ್ಲಿ ಒಂದು ವಿಭಾಗದ ಬಹುಮಾನ ಪಡೆದ ಚಿತ್ರವನ್ನು ನೋಡೋಣ. ಬ್ರೆಜಿಲ್‌ನ ಎಮಾಸ್ ರಾಷ್ಟ್ರೀಯ ಉದ್ಯಾನ, ನಕ್ಷತ್ರ ತುಂಬಿದ ರಾತ್ರಿ. ಗೆದ್ದಲ ಹುತ್ತದ ಮೈತುಂಬ ಜೀರುಂಡೆಯ ಮರಿಹುಳುಗಳು ಹಸಿರಾಗಿ ಮಿನುಗುತ್ತಿವೆ. ಹುತ್ತದ ಬುಡದಲ್ಲಿ ಒಂದು ಇರುವೆಬಾಕ. ಮರುವರ್ಷ ಸ್ಪರ್ಧೆ ನಡೆಸುವ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ದೂರು ಬಂತು. ಐವರು ತಜ್ಞರು ಚಿತ್ರದ ಇರುವೆಬಾಕವನ್ನು ಆ ಉದ್ಯಾನದ ಪ್ರವಾಸಿ ಕೇಂದ್ರದಲ್ಲಿಟ್ಟಿದ್ದ ಹುಲ್ಲು ತುಂಬಿದ ಇರುವೆಬಾಕದೊಂದಿಗೆ ಹೋಲಿಸಿದರು. ಕೂದಲ ಗುರುತು, ನಿಲುವು ಎಲ್ಲವೂ ತೀರ ಒಂದೇ ಆಗಿವೆ ಎಂದರು. ಛಾಯಾಗ್ರಾಹಕ ಆರೋಪವನ್ನು ಒಪ್ಪಲಿಲ್ಲ, ಆದರೆ ಬಹುಮಾನ ಹೋಯಿತು. ಮೇರಿಯನ್ ಜೋಡಿಸಿದ ಚಿತ್ರದಲ್ಲಿ ಒಂದು ನಿಜವಿತ್ತು. ಇಲ್ಲಿ ಒಂದೇ ಕ್ಷಣದ ಚಿತ್ರದ ನಿಜವೇ ಕುಸಿಯಿತು. ಹುತ್ತದ ಮಿನುಗು ಅಪ್ಪಟವಾದದ್ದು. ಪಕ್ಕದ ಸಂಶಯ ಅದನ್ನೂ ನುಂಗಿತು.

ಇದಕ್ಕೆ ಎದುರಾಗಿ ಇಡಬಹುದಾದ ಕತೆಯೊಂದು ಮಲೇಷ್ಯಾದ ಸೆಲಂಗೋರ್ ರಾಜ್ಯದ ಕಾಡಿನದು. ಗ್ವೆಕ್ ಹಾಕ್ ಪಿಂಗ್ ಎಂಬ ಹವ್ಯಾಸಿ ಅಲ್ಲಿ ಒಂದು ಹಸಿರು ಲೇಸ್‌ವಿಂಗ್ ಕೀಟದ ಫೋಟೋ ತೆಗೆದರು. ಜಾಲರಿಯಂಥ ರೆಕ್ಕೆಯ ಬುಡದಲ್ಲಿ ಕಪ್ಪು ಗೆರೆ, ನೀಲಿ ಚುಕ್ಕೆ. ಕೀಟ ಹಾರಿಹೋಯಿತು, ಫೋಟೋ ಅಂತರ್ಜಾಲಕ್ಕೆ ಹೋಯಿತು. 2011ರಲ್ಲಿ ಕ್ಯಾಲಿಫೋರ್ನಿಯಾದ ಕೀಟಶಾಸ್ತ್ರಜ್ಞ ಶಾನ್ ವಿಂಟರ್ಟನ್ ಅದನ್ನು ಅಕಸ್ಮಾತ್ ಕಂಡು ಬೆರಗಾದರು: ಅವರಿಗೆ ತಿಳಿದ ಯಾವ ಪ್ರಭೇದವೂ ಅದಲ್ಲ. ಆದರೆ ಹೊಸ ಪ್ರಭೇದವೆಂದು ಸಾರಲು ಫೋಟೋ ಒಂದೇ ಸಾಲದಾಯಿತು. ಸುಮಾರು ಒಂದು ವರ್ಷದ ಬಳಿಕ ಗ್ವೆಕ್ ಮತ್ತೆ ಅದೇ ಜಾಗಕ್ಕೆ ಹೋಗಿ ಒಂದನ್ನು ಹಿಡಿದು ಲಂಡನ್ನಿನ ಅದೇ ಮ್ಯೂಸಿಯಂಗೆ ಕಳಿಸಿದರು. ಅಲ್ಲಿ ಸ್ಟೀಫನ್ ಬ್ರೂಕ್ಸ್ ಪರೀಕ್ಷಿಸಿ ನೋಡಿದಾಗ, ದಶಕಗಳಿಂದ ಸಂಗ್ರಹದಲ್ಲೇ ಹೆಸರಿಲ್ಲದೆ ಬಿದ್ದಿದ್ದ ಅದರ ಜೊತೆಗಾರನೂ ಸಿಕ್ಕಿತು. 2012ರಲ್ಲಿ 'ಸೆಮಾಕ್ರೈಸಾ ಜೇಡ್' ಎಂಬ ಹೆಸರಿನಲ್ಲಿ ಅದು ವಿಜ್ಞಾನದ ದಾಖಲೆ ಸೇರಿತು. ಪ್ರಬಂಧದ ಲೇಖಕರು ಮೂವರು: ವಿಂಟರ್ಟನ್, ಗ್ವೆಕ್, ಬ್ರೂಕ್ಸ್. ಕಾಡಿನಲ್ಲಿ ಮೊದಲು ಕಂಡವರ ಹೆಸರು ಕಂಡದ್ದರ ಪಕ್ಕದಲ್ಲೇ ಇದೆ. ಸುರಿನಾಮಿನಲ್ಲಿ ಹುಳು ತಂದುಕೊಟ್ಟವರಿಗೆ ದಕ್ಕದ ಜಾಗ ಅದು.

ನಮ್ಮಲ್ಲಿಯೂ ಒಂದು ಇತ್ತೀಚಿನ ಉದಾಹರಣೆಯಿದೆ. 2023ರ ಜೂನ್‌ನಲ್ಲಿ ಕಪ್ಪೆ, ಹಾವುಗಳನ್ನು ನೋಡಲು ಹೊರಟ ಕೆಲವರು ಕುದುರೆಮುಖದ ತಪ್ಪಲಿನ ಕಾರ್ಕಳದ ಮಾಳದಲ್ಲಿ, ರಸ್ತೆ ಬದಿಯ ಮಳೆನೀರಿನ ಹೊಂಡದಲ್ಲಿ, ಬಂಗಾರಬೆನ್ನಿನ ಕಪ್ಪೆಗಳ ಗುಂಪನ್ನು ಕಂಡರು. ಅದರಲ್ಲಿ ಒಂದರ ಪಕ್ಕೆಯಿಂದ ಪುಟ್ಟ ಅಣಬೆ ಮೊಳೆತಿತ್ತು. ಬದುಕಿರುವ ಕಪ್ಪೆಯ ಮೈಮೇಲೆ ಅಣಬೆ! ಅವರು ಫೋಟೋ ತೆಗೆದರು, ಕಪ್ಪೆಯನ್ನು ಹಿಡಿಯಲಿಲ್ಲ. ಅದು ಮೈಸಿನಾ ಜಾತಿಯ ಅಣಬೆಯಿರಬೇಕೆಂದು ಶಿಲೀಂಧ್ರ ತಜ್ಞರು ಫೋಟೋ ನೋಡಿಯೇ ಊಹಿಸಿದರು. ಲೋಹಿತ್ ವೈ.ಟಿ. ಮತ್ತು ಚಿನ್ಮಯ್ ಮಾಳಿಯೆ ಬರೆದ ಟಿಪ್ಪಣಿ 2024ರ ಆರಂಭದಲ್ಲಿ ಪ್ರಕಟವಾದಾಗ ಲೋಕವೆಲ್ಲ ತಿರುಗಿ ನೋಡಿತು. ಅಣಬೆ ಚರ್ಮದೊಳಕ್ಕೆ ಬೇರೂರಿತ್ತೇ, ಮೇಲ್ಮೈಗಷ್ಟೇ ಅಂಟಿತ್ತೇ ಎಂಬುದನ್ನು ಫೋಟೋ ಹೇಳಲಾರದು. ಕಪ್ಪೆಯನ್ನು ಅದರ ಪಾಡಿಗೆ ಬಿಟ್ಟದ್ದಕ್ಕೆ ತೆತ್ತ ಬೆಲೆ ಅದು. ದಿನಾಂಕ, ಜಾಗ, ಕಂಡದ್ದು ಎಷ್ಟು ಎಂಬುದನ್ನು ಬರೆದು, ಅದಕ್ಕಿಂತ ಮುಂದೆ ಹೋಗದೆ ಟಿಪ್ಪಣಿ ನಿಂತಿತು. ಹಾಗಾಗಿಯೇ ಅದನ್ನು ನಂಬಬಹುದು.

ಆದರೆ 'ಎಲ್ಲಿ' ಎಂಬ ಉತ್ತರಕ್ಕೆ ಈಗ ಇನ್ನೊಂದು ಮುಖವೂ ಇದೆ. ದಕ್ಷಿಣ ಚೀನಾದ ಒಂದು ಗುಹಾವಾಸಿ ಹಲ್ಲಿಗೆ 1999ರಲ್ಲಿ ವೈಜ್ಞಾನಿಕ ಹೆಸರು ಬಂತು. ಕೆಲವೇ ವರ್ಷಗಳಲ್ಲಿ ಸಾಕುಪ್ರಾಣಿ ವ್ಯಾಪಾರಿಗಳು ಅದನ್ನು ಮೊದಲು ಕಂಡ ಜಾಗದಲ್ಲಿ ಒಂದೂ ಉಳಿಯದಂತೆ ಹಿಡಿದೊಯ್ದರು. ನಮ್ಮ ಬಳ್ಳಾರಿಯ ಗಡಿಯಾಚೆ, ಆಂಧ್ರದ ಗುತ್ತಿ ರೈಲ್ವೆ ನೆಲೆಯಲ್ಲಿ ಸಿಕ್ಕ ಮಿರುಗುವ ನೀಲಿ ಜೇಡವನ್ನು 1899ರಲ್ಲಿ ಪೋಕಾಕ್ ವರ್ಣಿಸಿದ. ನೂರು ವರ್ಷ ಅದು ಮತ್ತೆ ಕಾಣಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಗುತ್ತಿಗೆ ಅದು ಮರದ ದಿಮ್ಮಿಗಳ ಜೊತೆ ರೈಲಿನಲ್ಲಿ ಬಂದಿರಬೇಕು. ಇಂದು ಅದು ವಿದೇಶಗಳ ಗಾಜಿನ ಪೆಟ್ಟಿಗೆಗಳಲ್ಲಿ ಮಾರಾಟದ ವಸ್ತು, ಕಾಡಿನಲ್ಲಿ ತೀವ್ರ ಅಪಾಯದಲ್ಲಿರುವ ಪ್ರಭೇದ. 2019ರಲ್ಲಿ ಅದರ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂತು. ಇಂಥ ಜೀವಿಯ ಫೋಟೋದೊಳಗೆ ಫೋನು ತಾನಾಗಿಯೇ ಬರೆದಿಡುವ ಅಕ್ಷಾಂಶ-ರೇಖಾಂಶ ಕಳ್ಳರಿಗೆ ನಕ್ಷೆಯಾಗಬಲ್ಲದು. ಜಾಗವನ್ನು ಸಂಶೋಧಕರಿಗೆ ನಿಖರವಾಗಿ ತಿಳಿಸಬೇಕು, ಸಂತೆಗೆ ಸಾರಬಾರದು.

ಕನ್ನಡದ ಓದುಗರು ಈ ಪ್ರಶ್ನೆಗಳನ್ನು ಬೇರೊಂದು ದಾರಿಯಲ್ಲಿ ಮೊದಲೇ ಎದುರಿಸಿದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂದದ್ದು 1980ರಲ್ಲಿ. ಹಾರುವ ಓತಿಯನ್ನು ಹುಡುಕಿ ಹೊರಟ ಆ ತಂಡದಲ್ಲಿ ವಿಜ್ಞಾನಿಯಿದ್ದಾನೆ, ಕ್ಯಾಮೆರಾ ಹಿಡಿದ ಪ್ರಭಾಕರನಿದ್ದಾನೆ. ಆದರೆ ಕಾಡನ್ನು ನಿಜವಾಗಿ ಕಂಡವನು ಊರವರು ಲೆಕ್ಕಕ್ಕಿಡದ ಮಂದಣ್ಣ. ಅವನ ಕಣ್ಣಿನ ಬೆಲೆಯನ್ನು ಕರ್ವಾಲೊ ಬಲ್ಲರು. ಸುರಿನಾಮಿನ ಕಾಡಿನಲ್ಲಿ ದಾರಿ ಕಡಿದವರು, ಕಮೆಟಾದಲ್ಲಿ ಜೇಡಕ್ಕೆ ದಾರ ಕಟ್ಟಿದ ಮಕ್ಕಳು ಮಂದಣ್ಣನ ಬಳಗದವರೇ.

ಹಾಗಾಗಿ ರಜೆಯಿಂದ ಮರಳಿ ಚಿತ್ರಗಳನ್ನು ಹಂಚಿಕೊಳ್ಳುವಾಗ ಕೆಳಗೆ ಒಂದೆರಡು ಸಾಲು ಹೆಚ್ಚು ಬರೆದರೆ ನಷ್ಟವಿಲ್ಲ. ಜೀವಿ ಇದ್ದಲ್ಲೇ ತೆಗೆದದ್ದೋ, ಹಿಡಿದು ಎಲೆಯ ಮೇಲೆ ಕೂರಿಸಿದ್ದೋ? ಹಲ್ಲಿ ಅಲುಗಾಡದಿರಲೆಂದು ತಣ್ಣಗೆ ಮಾಡಿದ್ದುಂಟೋ? ರಾತ್ರಿ ಟಾರ್ಚ್ ಹಿಡಿದು, ಎಲೆಯಡಿಯ ಜೇಡವನ್ನು ಮೊದಲು ತೋರಿಸಿದ ಸ್ಥಳೀಯ ಮಾರ್ಗದರ್ಶಿಯ ಹೆಸರೇನು? ಮೇರಿಯನ್ ತನ್ನ ಫಲಕದ ಪಕ್ಕದಲ್ಲಿ ಒಂದು ಮರ, ಒಂದು ದಿನ, ಒಂದು ಹೆಸರು ಬರೆದಿದ್ದರೂ ಗಿಲ್ಡಿಂಗ್‌ನಂಥವರು ಜಗಳವಾಡುತ್ತಿದ್ದರೇನೋ. ಆದರೆ ಸೀಬೆ ಮರದ ಆ ಜೇಡವನ್ನು ಆಕೆಗೆ ತೋರಿಸಿದವರು ಯಾರು ಎಂಬುದಾದರೂ ನಮಗೆ ಉಳಿಯುತ್ತಿತ್ತು.